ಹದಿನಾರರಲ್ಲಿರುವ ಒಂದು

ಮಗುವಿನ ಮುಂದೆ ಹದಿನಾರು ಗುಂಡಿಗಳಿವೆ. ಒಂದೊಂದನ್ನೂ ಮುಟ್ಟಿ ಎಣಿಸಿ, ಹದಿನಾರು ಎಂದು ಹೇಳಿ, ಕಾಗದದ ಮೇಲೆ 16 ಎಂದು ಬರೆದೂ ಆಗಿದೆ. ಈಗ ಆ 6ರ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಸುತ್ತಿ, ‘ಇದು ಎಷ್ಟು ಗುಂಡಿ ಅಂತ ತೋರಿಸು’ ಎಂದು ಕೇಳಿ. ಮಗು ಆರು ಗುಂಡಿಗಳನ್ನು ಎಣಿಸಿ ಪಕ್ಕಕ್ಕೆ ಸರಿಸುತ್ತದೆ. ಆಮೇಲೆ 1ರ ಸುತ್ತ ಗೆರೆ ಸುತ್ತಿ ಅದನ್ನೇ ಕೇಳಿ. ಒಂದೇ ಒಂದು ಗುಂಡಿ ಎದ್ದು ಬರುತ್ತದೆ. ಉಳಿದ ಒಂಬತ್ತು ಯಾವ ಅಂಕಿಗೂ ಸೇರದೆ ನಡುವೆ ಬಿದ್ದಿರುತ್ತವೆ, ಮಗುವಿಗೆ ಅದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ.

ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆಯ ಬಳಿ ಕಲಿತ ಕಾನ್‌ಸ್ಟನ್ಸ್ ಕಮಿ ಅವರ ಬರಹಗಳಿಂದ 1980ರ ದಶಕದಲ್ಲಿ ಶಿಕ್ಷಕರ ನಡುವೆ ಹೆಸರಾದ ಪ್ರಶ್ನೆ ಇದು. ಎರಡನೇ, ಮೂರನೇ ತರಗತಿಗೆ ಬಂದ ಮಕ್ಕಳಲ್ಲೂ ಎಷ್ಟೋ ಮಂದಿ ಹೀಗೆ ಒಂದೇ ಗುಂಡಿ ತೋರಿಸುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ಆದ್ದರಿಂದ ಐದು ವರ್ಷದ ಮಗು ಒಂದು ಗುಂಡಿ ಎತ್ತಿದರೆ ಗಾಬರಿಪಡಬೇಕಿಲ್ಲ. ಆ ಮಗುವಿಗೆ ಹದಿನಾರು ಎನ್ನುವುದು ಒಂದರ ಹಿಂದೆ ಒಂದು ನಿಂತ ಹದಿನಾರು ವಸ್ತುಗಳ ಸಾಲು. 16 ಎನ್ನುವುದು ಆ ಸಾಲಿನ ಹೆಸರನ್ನು ಬರೆಯುವ ಒಂದು ಚಿತ್ರ, ಅಷ್ಟೇ. ಹೆಸರಿನ ಒಂದೊಂದು ತುಂಡಿಗೂ ಬೇರೆ ಅರ್ಥ ಇರಬಹುದೆಂದು ಅದಕ್ಕೆ ಯಾರೂ ಕಾಣಿಸಿಕೊಟ್ಟಿಲ್ಲ. ಅಂಕಿ ನಿಂತ ಜಾಗದಿಂದ ಬರುವ ಈ ಅರ್ಥವೇ ಸ್ಥಾನಬೆಲೆ.

ಶಿಶುವಿಹಾರದಲ್ಲಿ ಸ್ಥಾನಬೆಲೆ ಎಂದರೆ ಕಾಣಿಸಿಕೊಡಬೇಕಾದದ್ದು ಒಂದೇ: ಹತ್ತು ಬಿಡಿ ವಸ್ತುಗಳನ್ನು ಒಟ್ಟಿಗೆ ಕಟ್ಟಿ ‘ಒಂದು ಹತ್ತು’ ಎನ್ನಬಹುದು, ಹಾಗಂದರೂ ಒಳಗಿನ ಹತ್ತು ಹತ್ತಾಗಿಯೇ ಉಳಿಯುತ್ತದೆ. ಎರಡು ಖಾನೆಗಳ ಕೋಷ್ಟಕ, ‘ಮುಖಬೆಲೆ, ಸ್ಥಾನಬೆಲೆ ಬರೆಯಿರಿ’ ಎಂಬ ಅಭ್ಯಾಸ, ಮೂರಂಕಿಯ ಸಂಖ್ಯೆ ಇವೆಲ್ಲ ಕಾಯಬಲ್ಲವು. ಅಮೆರಿಕದ 2010ರ ಕಾಮನ್ ಕೋರ್ ಪಠ್ಯಮಟ್ಟವೂ ಶಿಶುವಿಹಾರಕ್ಕೆ 11ರಿಂದ 19ರವರೆಗೆ ಮಾತ್ರ ಹೋಗುತ್ತದೆ, ಅದೂ ‘ಹತ್ತು ಒಂದುಗಳು, ಮೇಲೆ ಇನ್ನಷ್ಟು’ ಎಂಬ ರೂಪದಲ್ಲಿ. ಹತ್ತನ್ನೇ ಒಂದು ಘಟಕವೆಂದು ಹೆಸರಿಸುವುದು ಅಲ್ಲಿ ಒಂದನೇ ತರಗತಿಯ ಕೆಲಸ. ಹತ್ತು ಒಂದುಗಳಿಂದ ಒಂದು ಹತ್ತಿಗೆ ಹೋಗುವ ದಾರಿ ಮೇಲ್ನೋಟಕ್ಕೆ ಪದಗಳ ಅದಲುಬದಲಿನಂತೆ ಕಾಣುತ್ತದೆ. ಮಗುವಿನ ತಲೆಯಲ್ಲಿ ಅದು ತಿಂಗಳುಗಳ ದಾರಿ.

ಈ ದಾರಿಗೆ ಕನ್ನಡ ಒಂದು ಒಳ್ಳೆಯ ಪದ ಕೊಟ್ಟಿದೆ: ಬಿಡಿ. ಕಟ್ಟದೆ ಇರುವುದು ಬಿಡಿ, ಬಿಚ್ಚಿದರೆ ಮತ್ತೆ ಬಿಡಿ. ಏಕ, ದಶ ಎಂದು ಶುರುಮಾಡಿದರೆ ಮಗು ಎರಡು ಹೊಸ ಶಬ್ದಗಳನ್ನು ಬಾಯಿಪಾಠ ಮಾಡಬೇಕು. ಕಟ್ಟು ಮತ್ತು ಬಿಡಿ ಎಂದರೆ ಕೈ ಮಾಡುವ ಕೆಲಸವನ್ನೇ ಬಾಯಿ ಹೇಳುತ್ತದೆ. ಮೊದಲ ಕೆಲವು ವಾರ ಈ ಎರಡು ಪದ ಸಾಕು.

ಶುರುಮಾಡುವ ಮುನ್ನ ನೋಡಬೇಕಾದದ್ದು ಸ್ವಲ್ಪ ಇದೆ. ಇಪ್ಪತ್ತರವರೆಗೆ ಬಾಯಲ್ಲಿ ಹೇಳುವುದು ಬೇರೆ, ಹನ್ನೆರಡು ವಸ್ತುಗಳನ್ನು ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಮುಟ್ಟದೆ ಎಣಿಸುವುದು ಬೇರೆ. ಎಣಿಸಿ ಮುಗಿದ ಮೇಲೆ ‘ಹಾಗಾದರೆ ಎಷ್ಟಿವೆ?’ ಎಂದು ಕೇಳಿದಾಗ ಮಗು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದರೆ, ಕೊನೆಯ ಪದವೇ ಒಟ್ಟು ಎಂಬುದು ಇನ್ನೂ ಕೂತಿಲ್ಲ. ‘ಹನ್ನೆರಡು ಕೊಡು’ ಎಂದಾಗ ಹನ್ನೆರಡಕ್ಕೆ ನಿಲ್ಲಿಸದೆ ಇರುವುದನ್ನೆಲ್ಲ ಕೊಟ್ಟುಬಿಡುವ ಮಗುವಿಗೆ ಕಟ್ಟು ಕಟ್ಟಿಸುವುದು ಬೇಗ ಆಯಿತು. ಐದನ್ನು ಎಣಿಸದೆ ನೋಡಿಯೇ ಗುರುತಿಸುವ ಅಭ್ಯಾಸವೂ ಇದ್ದರೆ ಮುಂದಿನದು ಹಗುರ, ಏಕೆಂದರೆ ಹತ್ತು ಎನ್ನುವುದನ್ನು ಕಣ್ಣು ಎರಡು ಐದಾಗಿ ಹಿಡಿಯುತ್ತದೆ.

ಇನ್ನು ಸಾಮಗ್ರಿ. ಇಬ್ಬರು ಮಕ್ಕಳಿಗೆ ಮೂವತ್ತು ಕಡ್ಡಿಗಳು, ಸುಮಾರು ಹತ್ತು ಸೆಂಟಿಮೀಟರ್ ಉದ್ದ, ಎಲ್ಲವೂ ಒಂದೇ ದಪ್ಪ, ಒಂದೇ ಬಣ್ಣ. ಬಣ್ಣದ ವಿಷಯ ಚಿಕ್ಕದೆನ್ನಿಸಬಹುದು, ಆದರೆ ಹಲವು ಬಣ್ಣದ ಕಡ್ಡಿ ಕೊಟ್ಟರೆ ಮಕ್ಕಳು ಕೆಂಪು ಕೆಂಪಿಗೆ, ಹಸಿರು ಹಸಿರಿಗೆ ಗುಂಪು ಮಾಡುತ್ತಾರೆ, ಹತ್ತು ಮರೆತೇಹೋಗುತ್ತದೆ. ರಬ್ಬರ್ ಬ್ಯಾಂಡನ್ನು ಎರಡು ಸುತ್ತು ತಿರುಚಿ ಹಾಕಲು ಐದು ವರ್ಷದ ಬೆರಳುಗಳಿಗೆ ಕಷ್ಟ. ಕಡ್ಡಿಗಳು ಚೆಲ್ಲುತ್ತವೆ, ಎಣಿಕೆ ತಪ್ಪುತ್ತದೆ, ಮಗು ಸೋಲುವುದು ಗಣಿತದಲ್ಲಲ್ಲ, ಬ್ಯಾಂಡಿನಲ್ಲಿ. ಕೂದಲಿಗೆ ಹಾಕುವ ಮೆತ್ತನೆಯ ಬಟ್ಟೆಯ ಬ್ಯಾಂಡ್ ಒಳ್ಳೆಯದು. ಇಲ್ಲವೇ ಹತ್ತು ಬೀಜ ಹಿಡಿಸುವ ಪುಟ್ಟ ಪಾರದರ್ಶಕ ಲೋಟ. ಲೋಟ ಪಾರದರ್ಶಕವೇ ಆಗಿರಬೇಕು, ಒಳಗಿನ ಹತ್ತು ಕಣ್ಣಿಗೆ ಬೀಳುತ್ತಿರಬೇಕು.

ಗಣಿತ ಶಿಕ್ಷಣತಜ್ಞ ಜೊಲ್ತಾನ್ ಡೀನ್ಸ್ ಹೆಸರಿನೊಂದಿಗೆ 1960ರ ದಶಕದಿಂದ ಶಾಲೆಗಳಿಗೆ ಹರಡಿದ, ಹತ್ತು ಘನಗಳು ಸೇರಿ ಒಂದಾದ ಹತ್ತರ ಪಟ್ಟಿ, ನೂರರ ಹಲಗೆಗಳನ್ನು ಈ ವಯಸ್ಸಿಗೆ ಮೊದಲ ಸಾಮಗ್ರಿಯಾಗಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವು ಒಳ್ಳೆಯ ಸಾಮಗ್ರಿಯೇ. ಆದರೆ ಹತ್ತರ ಪಟ್ಟಿ ಮಗುವಿನ ಕೈಗೆ ಬರುವಾಗಲೇ ಹತ್ತಾಗಿ ಬಂದಿರುತ್ತದೆ, ಬಿಚ್ಚಲಾಗದು. ಹತ್ತು ಬಿಡಿ ಕೊಟ್ಟು ಒಂದು ಪಟ್ಟಿ ತೆಗೆದುಕೋ ಎಂದರೆ ಮಗು ನಮ್ಮ ಮಾತು ನಂಬಿ ಬದಲಾಯಿಸಿಕೊಳ್ಳುತ್ತದೆ. ಕಡ್ಡಿಯ ಕಟ್ಟು ಹಾಗಲ್ಲ. ಅದೇ ಹತ್ತು ಕಡ್ಡಿಗಳು ಬಿಡಿಯಾಗಿದ್ದವು, ಈಗ ಕಟ್ಟಾಗಿವೆ, ಬೇಕೆಂದರೆ ಈಗಲೇ ಬಿಚ್ಚಿ ನೋಡಬಹುದು. ಹತ್ತು ನೀಲಿ ಬಿಲ್ಲೆಗೆ ಒಂದು ಕೆಂಪು ಬಿಲ್ಲೆ ಎಂಬ ಬಗೆಯ ಆಟಗಳಂತೂ ಇನ್ನೂ ದೂರ. ಕೆಂಪು ಬಿಲ್ಲೆಯನ್ನು ಎಷ್ಟು ನೋಡಿದರೂ ಅದರಲ್ಲಿ ಹತ್ತು ಕಾಣುವುದಿಲ್ಲ.

ಕಟ್ಟುವಾಗ ಆಗುವ ಸಾಮಾನ್ಯ ತಪ್ಪು, ಕಟ್ಟಿನಲ್ಲಿ ಒಂಬತ್ತೋ ಹನ್ನೊಂದೋ ಇರುವುದು. ಅದನ್ನು ತಡೆಯಲು ಹತ್ತರ ಚೌಕಟ್ಟು ಬೇಕು: ಮೇಲೆ ಐದು, ಕೆಳಗೆ ಐದು ಮನೆಗಳ ಒಂದು ಹಾಳೆ, ಒಂದೊಂದು ಮನೆ ಐದು ಸೆಂಟಿಮೀಟರ್ ಅಗಲ, ಕಡ್ಡಿ ಹಿಡಿಸುವಷ್ಟು ಉದ್ದ. ಮೇಲಿನ ಸಾಲನ್ನು ಎಡದಿಂದ ತುಂಬಿ, ಆಮೇಲೆ ಕೆಳಗಿನದನ್ನು ತುಂಬುವುದು. ಪ್ರತಿ ಸಲ ಇದೇ ಕ್ರಮ. ಚೌಕಟ್ಟು ತುಂಬಿದರೆ ಹತ್ತು, ಎಣಿಸಬೇಕಿಲ್ಲ. ತುಂಬಿದ್ದನ್ನು ತೆಗೆದು ಕಟ್ಟುವುದು, ಉಳಿದದ್ದನ್ನು ಎರಡನೆಯ ಚೌಕಟ್ಟಿಗೆ ಹಾಕುವುದು. ಹದಿನಾಲ್ಕು ಎಂದರೆ ತುಂಬಿದ ಒಂದು ಚೌಕಟ್ಟು, ಪಕ್ಕದಲ್ಲಿ ನಾಲ್ಕು. ಈ ಚಿತ್ರ ಕಣ್ಣಲ್ಲಿ ನಿಂತ ಮಗುವಿಗೆ ಮುಂದೆ ಎಂಟಕ್ಕೆ ಐದು ಕೂಡಿಸುವಾಗ ಬೆರಳು ಬೇಕಾಗುವುದಿಲ್ಲ.

ಕಟ್ಟಿ ಮುಗಿಸಿದ ಕೂಡಲೇ ಕೇಳಬೇಕಾದ ಪ್ರಶ್ನೆ: ‘ಈಗ ಒಟ್ಟು ಎಷ್ಟು ಕಡ್ಡಿ?’ ಕಟ್ಟುವ ಮುಂಚೆ ಹದಿಮೂರು ಎಂದು ತಾನೇ ಹೇಳಿದ ಮಗು ಈಗ ನಾಲ್ಕು ಎನ್ನಬಹುದು, ಒಂದು ಕಟ್ಟು ಮತ್ತು ಮೂರು ಕಡ್ಡಿ ನಾಲ್ಕು ವಸ್ತುಗಳಲ್ಲವೇ. ಅಥವಾ ಕಟ್ಟು ಬಿಚ್ಚಿ ಮತ್ತೆ ಎಣಿಸಬಹುದು. ಬಿಚ್ಚಲು ಬಿಡಿ. ‘ಅಯ್ಯೋ, ಕಟ್ಟಿದ್ದನ್ನು ಯಾಕೆ ಬಿಚ್ಚಿದೆ’ ಎಂದರೆ ಮಗು ಬಿಚ್ಚುವುದನ್ನು ನಿಲ್ಲಿಸುತ್ತದೆ, ಅನುಮಾನವನ್ನಲ್ಲ. ಹತ್ತಾರು ಸಲ ಬಿಚ್ಚಿ ಕಟ್ಟಿದ ಮೇಲೆ ಒಂದು ದಿನ ಕಟ್ಟನ್ನು ಮುಟ್ಟಿ ‘ಹತ್ತು’ ಎಂದು, ಬಿಡಿಗಳನ್ನು ಮುಟ್ಟುತ್ತಾ ‘ಹನ್ನೊಂದು, ಹನ್ನೆರಡು, ಹದಿಮೂರು’ ಎನ್ನುತ್ತದೆ. ಹೇಳಿಕೊಟ್ಟರೆ ಇದನ್ನು ಒಂದೇ ದಿನದಲ್ಲಿ ಮಾಡಿಸಬಹುದು. ಹಾಗೆ ಮಾಡಿಸಿದ್ದು ಮರುವಾರ ಉಳಿದಿರುವುದಿಲ್ಲ.

ಬಾಯಿಯ ಕಡೆ ಬರೋಣ. ಇಂಗ್ಲಿಷಿನಲ್ಲಿ ‘ಇಲೆವೆನ್’, ‘ಟ್ವೆಲ್ವ್’ ಕೇಳಿದರೆ ಒಳಗೆ ಹತ್ತು ಇದೆಯೆಂದು ತಿಳಿಯುವುದಿಲ್ಲ. ‘ಸಿಕ್ಸ್‌ಟೀನ್’ ಎನ್ನುವಾಗ ಆರು ಮೊದಲು ಬರುತ್ತದೆ, ಬರೆಯುವಾಗ 1 ಮೊದಲು. ಜರ್ಮನ್ನರು ಇಪ್ಪತ್ತೊಂದಕ್ಕೆ ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಹಿಂದಿಯ ‘ಉನ್ನೀಸ್’ ಇಪ್ಪತ್ತಕ್ಕೆ ಒಂದು ಕಡಿಮೆ. ಚೀನೀ ಭಾಷೆಯಲ್ಲಿ ಹದಿನಾರು ಎಂದರೆ ನೇರವಾಗಿ ಹತ್ತು-ಆರು. ಐರೀನ್ ಮಿಯುರಾ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಖ್ಯೆಗಳನ್ನು ಪಟ್ಟಿ ಮತ್ತು ಬಿಡಿ ಘನಗಳಿಂದ ತೋರಿಸು ಎಂದಾಗ ಚೀನೀ, ಜಪಾನೀ, ಕೊರಿಯನ್ ಮಾತಾಡುವ ಮಕ್ಕಳು ಹತ್ತರ ಪಟ್ಟಿಗೆ ಕೈಹಾಕಿದ್ದು ಹೆಚ್ಚು, ಇಂಗ್ಲಿಷ್ ಮಾತಾಡುವ ಮಕ್ಕಳು ಬಿಡಿ ಘನಗಳನ್ನೇ ಸಾಲಾಗಿ ಇಟ್ಟದ್ದು ಹೆಚ್ಚು.

ಕನ್ನಡ ಈ ವಿಷಯದಲ್ಲಿ ಮಗುವಿನ ಪರವಾಗಿದೆ. ಹದಿಮೂರರಿಂದ ಹದಿನೆಂಟರವರೆಗೆ ‘ಹದಿ’ ಎಂದರೆ ಹತ್ತು, ಅದೂ ಮೊದಲೇ ಬರುತ್ತದೆ. ಹನ್ನೊಂದು, ಹನ್ನೆರಡರಲ್ಲಿ ಅದು ‘ಹನ್’ ಆಗಿದೆ, ಹತ್ತೊಂಬತ್ತರಲ್ಲಿ ಹತ್ತು ಹತ್ತಾಗಿಯೇ ಇದೆ. ಇಪ್ಪತ್ತು, ಮೂವತ್ತು, ನಲವತ್ತು ಎಲ್ಲದರ ಬಾಲದಲ್ಲೂ ಹತ್ತು ಕೇಳಿಸುತ್ತದೆ, ತಲೆಯಲ್ಲಿ ಎಷ್ಟು ಹತ್ತು ಎಂಬುದಿದೆ. ಆದರೆ ಸಂಧಿಯಲ್ಲಿ ಕರಗಿದ್ದು ಮಗುವಿಗೆ ತಾನಾಗಿ ಕೇಳಿಸದು, ಒಡೆದು ಕೇಳಿಸಬೇಕು. ಕೆಲವು ವಾರ ಕಟ್ಟನ್ನು ಮುಟ್ಟಿ ‘ಹತ್ತು’, ಬಿಡಿಗಳನ್ನು ಮುಟ್ಟಿ ‘ಮೂರು’, ಎರಡನ್ನೂ ಅಂಗೈಯಲ್ಲಿ ಬಳಸಿ ‘ಹದಿಮೂರು’ ಎಂದು ಹೇಳುವ ರೂಢಿ ಇಟ್ಟುಕೊಂಡರೆ ಪದ ತಾನೇ ಪಾಠವಾಗುತ್ತದೆ. ಕನ್ನಡದಲ್ಲಿ ಎಡವುವ ಕಡೆ ಒಂದಿದೆ: ಒಂಬತ್ತು, ಎಂಬತ್ತು, ತೊಂಬತ್ತು. ಮೂರೂ ಒಂದೇ ಲಯ, ಒಂದೇ ಬಾಲ, ಆದರೆ ಮೊದಲನೆಯದು ಬರೀ ಬಿಡಿ. ಈ ವಯಸ್ಸಿಗೆ ಎಂಬತ್ತು, ತೊಂಬತ್ತು ಎಣಿಕೆಯ ಹಾಡಿನಲ್ಲಿ ಮಾತ್ರ ಬರುವುದರಿಂದ ಅದನ್ನು ಅಲ್ಲಿಗೇ ಬಿಡಬಹುದು.

ಎರಡು ಭಾಷೆಯಲ್ಲಿ ಎಣಿಸುವ ಮಗು 16ರ ಬದಲು 61 ಬರೆದರೆ ಕಾರಣ ಹುಡುಕುವ ಮುನ್ನ, ಬರೆಯುವಾಗ ಅದರ ತುಟಿ ಏನು ಹೇಳುತ್ತಿತ್ತೆಂದು ನೋಡಿ. ‘ಸಿಕ್ಸ್‌ಟೀನ್’ ಎನ್ನುತ್ತಾ ಬರೆದಿದ್ದರೆ ಕೇಳಿದ ಕ್ರಮದಲ್ಲೇ ಬರೆದಿದೆ, ತರ್ಕ ಸರಿಯಿದೆ. ‘ಹದಿನಾರು’ ಎನ್ನುತ್ತಾ 61 ಬರೆದಿದ್ದರೆ ಅದು ಎಡ-ಬಲದ ಗೊಂದಲ. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆಯುವುದು ಅನ್ಯಾಯ. ಇಪ್ಪತ್ತೈದನ್ನು 205 ಎಂದು ಬರೆಯುವುದೂ ಇಂಥದ್ದೇ: ಇಪ್ಪತ್ತು ಕೇಳಿತು, 20 ಬರೆಯಿತು, ಐದು ಕೇಳಿತು, 5 ಬರೆಯಿತು. ಕೇಳಿದ್ದನ್ನು ಒಡೆಯಬಲ್ಲ ಮಗು ಮಾತ್ರ ಈ ತಪ್ಪು ಮಾಡುತ್ತದೆ.

ಇದಕ್ಕೆ ಮದ್ದು ಒಂದರ ಮೇಲೊಂದು ಕೂರುವ ಕಾರ್ಡುಗಳು. 10 ಬರೆದ ಕಾರ್ಡಿನ ಅಗಲ ಹತ್ತು ಸೆಂಟಿಮೀಟರ್, 1ರಿಂದ 9ರವರೆಗಿನ ಕಾರ್ಡುಗಳ ಅಗಲ ಐದು. 6ನ್ನು ತಂದು 10ರ ಸೊನ್ನೆಯ ಮೇಲೆ ಇಟ್ಟರೆ 16. ಎತ್ತಿದರೆ ಸೊನ್ನೆ ಕೆಳಗೆ ಇದ್ದೇ ಇದೆ. ಮಾಂಟೆಸ್ಸರಿ ತರಗತಿಗಳ ಸೆಗಾಂ ಹಲಗೆಯೂ ಇದೇ ಉಪಾಯ. ಮೊದಲ ಸಲ ಬಹಳಷ್ಟು ಮಕ್ಕಳು 6ನ್ನು ಪಕ್ಕದಲ್ಲಿಟ್ಟು 106 ಮಾಡುತ್ತಾರೆ. ತಿದ್ದುವ ಅವಸರ ಬೇಡ. ‘ಈ ಸೊನ್ನೆ ಏನು ಹೇಳುತ್ತಿದೆ?’ ಎಂದು ಕಟ್ಟಿನ ಕಡೆ ತೋರಿಸಿ. ಬರೀ ಒಂದು ಕಟ್ಟು ಇದ್ದಾಗ ಸೊನ್ನೆ ಹೇಳುವುದು ‘ಬಿಡಿ ಇಲ್ಲ’ ಎಂದು. ಆರು ಬಿಡಿ ಬಂದ ಮೇಲೆ ‘ಬಿಡಿ ಇಲ್ಲ’ ಎನ್ನಲಾಗದು, ಆದ್ದರಿಂದ ಆರು ಅದರ ಮೇಲೆ ಕೂರುತ್ತದೆ. ಸೊನ್ನೆಯನ್ನು ‘ಸ್ಥಾನ ಹಿಡಿಯುವ ಅಂಕಿ’ ಎಂದು ವಿವರಿಸುವುದಕ್ಕಿಂತ ಇದು ಮಗುವಿಗೆ ಹತ್ತಿರ, ಮತ್ತು ಹತ್ತನ್ನು ಬರೀ 1 ಎಂದು ಬರೆಯುವ ಮಗುವಿಗೂ ಇದೇ ಉತ್ತರ. ಕಾರ್ಡು ಯಾವಾಗಲೂ ಕಡ್ಡಿಯ ಜೊತೆಗಿರಲಿ. ಕಡ್ಡಿ ಇಲ್ಲದ ಕಾರ್ಡು ಮತ್ತೆ ಅಂಕಿಗಳ ಜೋಡಣೆಯ ಆಟವಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಆಗುವ ಗೊಂದಲ ಸಣ್ಣದಲ್ಲ: ಶಿಕ್ಷಕರು ಮಗುವಿನ ಎದುರು ಕೂತರೆ ಅವರ ಎಡ ಮಗುವಿನ ಬಲ. ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ ಎಂದು ತೋರಿಸುವಾಗ ಪಕ್ಕದಲ್ಲಿ ಕೂರಬೇಕು.

ಇನ್ನು ಅರಿತಿದೆಯೇ ಎಂದು ತಿಳಿಯುವುದು ಹೇಗೆ. ‘ಹತ್ತು ___ ಬಿಡಿ ___’ ಎಂಬ ಖಾಲಿ ಜಾಗದ ಹಾಳೆ ಈ ವಯಸ್ಸಿನಲ್ಲಿ ಬಹುತೇಕ ಏನನ್ನೂ ಹೇಳುವುದಿಲ್ಲ. 16 ನೋಡಿ ಎಡದ ಅಂಕಿಯನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ನಕಲು ಮಾಡಿದರೆ ಪೂರ್ತಿ ಅಂಕ. ಅನುಮಾನವಿದ್ದರೆ ಅದೇ ಹಾಳೆಯಲ್ಲಿ ಕ್ರಮ ತಿರುಗಿಸಿ ‘ಬಿಡಿ ___ ಹತ್ತು ___’ ಎಂದು ಓದಿ ಹೇಳಿ ಕೊಟ್ಟುನೋಡಿ. ನಿನ್ನೆ ಎಲ್ಲ ಸರಿ ಬರೆದವರಲ್ಲಿ ಎಷ್ಟು ಮಂದಿ ಇವತ್ತು ಬಿಡಿ 1, ಹತ್ತು 6 ಎಂದು ಬರೆಯುತ್ತಾರೆ ಎಂಬುದು ಆ ಹಾಳೆಯ ಬೆಲೆ.

ಬೇಕಾದದ್ದು ಒಂದು ಮಗುವಿನ ಜೊತೆ ಐದರಿಂದ ಏಳು ನಿಮಿಷದ ಮಾತು. ಇಪ್ಪತ್ತು ಗುಂಡಿ, ಕಡ್ಡಿಯ ಒಂದು ಕಟ್ಟು, ಒಂಬತ್ತು ಬಿಡಿ ಕಡ್ಡಿ, ಕಾಗದ, ಪೆನ್ಸಿಲ್ ಸಾಕು. ಉಳಿದವರು ಆಟದಲ್ಲಿರುವಾಗ ದಿನಕ್ಕೆ ಇಬ್ಬರು ಮೂವರನ್ನು ಮಾತಾಡಿಸಿದರೆ ಎರಡು ವಾರದಲ್ಲಿ ತರಗತಿ ಮುಗಿಯುತ್ತದೆ. ವರ್ಷದಲ್ಲಿ ಮೂರು ಸಲ ಸಾಕು.

ಮೊದಲು ಒಂದು ಕಟ್ಟು, ನಾಲ್ಕು ಬಿಡಿ ಇಟ್ಟು ‘ಇದರಲ್ಲಿ ಹತ್ತಿವೆ, ಒಟ್ಟು ಎಷ್ಟು?’ ಎಂದು ಕೇಳಿ ಸುಮ್ಮನಿರಬೇಕು. ಐದು ಎಂದರೆ ಮಗು ವಸ್ತುಗಳನ್ನು ಎಣಿಸುತ್ತಿದೆ, ಕಟ್ಟಿನ ಒಳಗನ್ನಲ್ಲ. ಕಟ್ಟನ್ನು ಬಿಚ್ಚಿಯೋ ಕಟ್ಟಿನ ಮೇಲೆಯೇ ಬೆರಳು ಕುಟ್ಟಿಯೋ ಒಂದರಿಂದ ಹದಿನಾಲ್ಕರವರೆಗೆ ಎಣಿಸಿದರೆ ಒಳಗಿನ ಹತ್ತು ಗೊತ್ತಿದೆ, ಆದರೆ ಅದನ್ನು ಒಟ್ಟಾಗಿ ನಂಬುವಷ್ಟು ಧೈರ್ಯ ಬಂದಿಲ್ಲ. ‘ಹತ್ತು’ ಎಂದು ಅಲ್ಲಿಂದ ಮುಂದಕ್ಕೆ ಎಣಿಸಿದರೆ ಶಿಶುವಿಹಾರದ ಗುರಿ ಮುಟ್ಟಿದಂತೆ. ನೋಡಿದ ಕೂಡಲೇ ಹದಿನಾಲ್ಕು ಎಂದರೆ ಇನ್ನೂ ಒಂದು ಹೆಜ್ಜೆ ಮುಂದೆ. ಕೊನೆಯ ಮೂರರಲ್ಲೂ ಉತ್ತರ ಹದಿನಾಲ್ಕೇ, ಸರಿ-ತಪ್ಪು ಎಂದು ಗುರುತು ಹಾಕಿದರೆ ಮೂವರು ಮಕ್ಕಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಆದ್ದರಿಂದ ಅಂಕ ಬೇಡ, ಮಗು ಏನು ಮಾಡಿತು, ಯಾವ ಪದ ಹೇಳಿತು ಎಂಬುದನ್ನು ಇದ್ದ ಹಾಗೆ ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು.

ಮುಂದೆ ಅದೇ ಸಾಮಗ್ರಿಯ ಜಾಗ ಬದಲಿಸುವುದು. ನಾಲ್ಕು ಬಿಡಿಗಳನ್ನು ಮಗುವಿನ ಎಡಕ್ಕೆ, ಕಟ್ಟನ್ನು ಬಲಕ್ಕೆ ಇಟ್ಟು ‘ಎಷ್ಟು? ಬರೆದು ತೋರಿಸು’ ಎಂದು ಕೇಳಿ. 41 ಬರೆದ ಮಗು ಜಾಗ ನೋಡಿ ಬರೆದಿದೆ. ಒಂದು ಕ್ಷಣ ತಡೆದು 14 ಬರೆದ ಮಗುವಿಗೆ ಕಟ್ಟು ಎಲ್ಲಿದ್ದರೂ ಹತ್ತೇ. ತುಂಬ ಚೊಕ್ಕವಾಗಿ, ಕಟ್ಟು ಎಡಕ್ಕೆ ಬಿಡಿ ಬಲಕ್ಕೆ ಎಂದೇ ಸದಾ ಜೋಡಿಸಿ ಕಲಿಸಿದ ತರಗತಿಗಳಲ್ಲಿ 41 ಹೆಚ್ಚು ಬರುವುದು ಸಹಜ. ನಮ್ಮ ಅಚ್ಚುಕಟ್ಟುತನವೇ ಅಲ್ಲಿ ಅರ್ಥದ ಜಾಗ ಹಿಡಿದಿರುತ್ತದೆ.

ಕೊನೆಗೆ ಹದಿನಾರು ಗುಂಡಿಯ ಪ್ರಶ್ನೆ. ಮಗು ಒಂದೇ ಗುಂಡಿ ತೋರಿಸಿದರೆ, ಉಳಿದ ಒಂಬತ್ತನ್ನು ತೋರಿಸಿ ‘ಇವುಗಳ ಕತೆ ಏನು?’ ಎಂದು ಒಂದು ಸಲ ಮಾತ್ರ ಕೇಳಬೇಕು. ಕೆಲವು ಮಕ್ಕಳು ತಡವರಿಸಿ, 1ನ್ನು ದಿಟ್ಟಿಸಿ ನೋಡುತ್ತಾರೆ. ಆ ನೋಟವನ್ನೂ ಬರೆದುಕೊಳ್ಳಿ, ಅರಿವು ಬಾಗಿಲಿಗೆ ಬಂದಿದೆ. ಎರಡು ಮೂರು ಸಲ ಕೇಳಿದರೆ ಮಗು ತನ್ನ ಉತ್ತರ ತಪ್ಪೆಂದು ಊಹಿಸಿ ಮನಸ್ಸಿಗೆ ಬಂದದ್ದನ್ನು ಹೇಳುತ್ತದೆ. ಇದೇ ಕಾರಣಕ್ಕೆ ‘ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಯನ್ನು ಸರಿಯುತ್ತರಕ್ಕೂ ಕೇಳಬೇಕು, ಇಲ್ಲದಿದ್ದರೆ ಆ ಪ್ರಶ್ನೆ ಕೇಳಿದಾಗೆಲ್ಲ ತಾನು ತಪ್ಪಿದ್ದೇನೆ ಎಂದು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ನಿಧಾನವಾಗಿ ಹತ್ತರವರೆಗೆ ಎಣಿಸುವಷ್ಟು ಕಾಯುವುದು ಕಷ್ಟದ ಕೆಲಸ, ಆದರೆ ಮೌನದ ಆ ಕೊನೆಯ ಕ್ಷಣಗಳಲ್ಲೇ ಎಷ್ಟೋ ಮಕ್ಕಳು ಬಾಯಿ ಬಿಡುತ್ತಾರೆ.

ಹೀಗೆ ಕಂಡುಕೊಂಡದ್ದು ಮರುದಿನದ ಪಾಠವನ್ನು ಬದಲಿಸಬೇಕು. ‘ಐದು’ ಎಂದ ಮಕ್ಕಳು ಪಾರದರ್ಶಕ ಲೋಟಕ್ಕೆ, ಬಿಚ್ಚಿ ಕಟ್ಟುವ ಕೆಲಸಕ್ಕೆ. ಒಂದರಿಂದ ಎಣಿಸಿದವರಿಗೆ ತುಂಬಿದ ಚೌಕಟ್ಟನ್ನು ಎರಡು ಸೆಕೆಂಡು ತೋರಿಸಿ ಮುಚ್ಚಿ, ಮೇಲೆ ಎರಡೋ ಮೂರೋ ಗುಂಡಿ ಇಟ್ಟು ಎಷ್ಟೆಂದು ಕೇಳುವ ಆಟ. ಮುಚ್ಚಿದ್ದನ್ನು ಒಂದೊಂದಾಗಿ ಎಣಿಸಲು ಬಾರದಾದ್ದರಿಂದ ಹತ್ತರಿಂದ ಮುಂದುವರಿಯುವ ಅಗತ್ಯ ಅಲ್ಲಿ ತಾನಾಗಿ ಹುಟ್ಟುತ್ತದೆ. 41 ಬರೆದವರಿಗೆ ಕಟ್ಟು-ಬಿಡಿಗಳನ್ನು ಮೇಜಿನ ತುಂಬ ಎಲ್ಲೆಂದರಲ್ಲಿ ಚೆಲ್ಲಿ ಇಡುವುದು.

ಹತ್ತರಿಂದ ಮುಂದಕ್ಕೆ ನಿರಾಯಾಸವಾಗಿ ಹೋಗುವ ಮಕ್ಕಳು ಇಪ್ಪತ್ತು ದಾಟುತ್ತಾರೆ, ಮತ್ತು ಇಪ್ಪತ್ತೊಂಬತ್ತರ ನಂತರ ಒಂದು ದಿನ ‘ಇಪ್ಪತ್ಹತ್ತು’ ಎನ್ನುತ್ತಾರೆ. ಸುತ್ತಲಿನ ದೊಡ್ಡವರು ನಕ್ಕು ‘ಮೂವತ್ತು’ ಎಂದು ತಿದ್ದುತ್ತಾರೆ. ಮಗು ಹೇಳಿದ್ದು ಲೆಕ್ಕದ ಪ್ರಕಾರ ನಿಜ: ಎರಡು ಕಟ್ಟು, ಮೇಲೆ ಹತ್ತು ಬಿಡಿ. ‘ಹೌದು, ಇಪ್ಪತ್ತು ಮತ್ತು ಹತ್ತು’ ಎಂದು ಒಪ್ಪಿ, ಎರಡು ಕಟ್ಟು ಹತ್ತು ಕಡ್ಡಿ ಮುಂದಿಟ್ಟು, ಪಕ್ಕದಲ್ಲಿ ಇನ್ನೊಂದು ಬ್ಯಾಂಡ್ ಇಟ್ಟು ಕಾಯಿರಿ.